1954ರ ಪ್ಯಾರಿಸ್ ಜಾಕೆಟ್ಟು, ಕೊಡಗಿನ ಚಳಿಗೆ: ಹೊಲಿಯುವ ಕ್ರಮ

ಫ್ರಾನ್ಸಿನ ಉಡುಪು ವಿನ್ಯಾಸಕಿ ಗ್ಯಾಬ್ರಿಯೆಲ್ (ಕೊಕೊ) ಶನೆಲ್ ತನ್ನ ಉಡುಪಿನ ಮನೆಯನ್ನು ಮುಚ್ಚಿದ್ದು 1939ರಲ್ಲಿ, ಯುದ್ಧ ಶುರುವಾದಾಗ. ಮತ್ತೆ ತೆರೆದದ್ದು 1954ರ ಫೆಬ್ರವರಿ 5ರಂದು, ಪ್ಯಾರಿಸ್ಸಿನ ಅದೇ ಕಾಂಬೋನ್ ಬೀದಿಯ 31ನೇ ನಂಬರಿನಲ್ಲಿ. ಆಗ ಆಕೆಗೆ 70 ವರ್ಷ. ಯುದ್ಧಕಾಲದಲ್ಲಿ ಜರ್ಮನ್ ಅಧಿಕಾರಿಯೊಬ್ಬನ ಜೊತೆಗಿದ್ದ ನಂಟಿನಿಂದ ಆಕೆಯ ಹೆಸರಿಗೆ ಹತ್ತಿದ ಮಸಿ ಇವತ್ತಿಗೂ ಹೋಗಿಲ್ಲ. ಅದನ್ನು ಒರೆಸುವ ಉದ್ದೇಶ ಇಲ್ಲಿಲ್ಲ. ನಮಗೆ ಬೇಕಾಗಿರುವುದು ಆಕೆಯ ಕೈಕೆಲಸ. 1947ರ ಫೆಬ್ರವರಿ 12ರಂದು ಪ್ಯಾರಿಸ್ಸಿನ ಮತ್ತೊಬ್ಬ ವಿನ್ಯಾಸಕ ಕ್ರಿಸ್ಟಿಯನ್ ಡಿಯೋರ್ ತೋರಿಸಿದ ಉಡುಪುಗಳ ನಂತರ ಹೆಂಗಸರ ಸೊಂಟ ಮತ್ತೆ ಬಿಗಿದುಕೊಂಡಿತ್ತು. ಜಾಕೆಟ್ಟಿನೊಳಗೆ ಗಟ್ಟಿ ಪದರ, ಸೊಂಟದ ಕೆಳಗೆ ಪ್ಯಾಡು, ಸ್ಕರ್ಟಿಗೆ ಮೀಟರುಗಟ್ಟಲೆ ಬಟ್ಟೆ. ಶನೆಲ್ ಇದಕ್ಕೆ ಎದುರಾಗಿ ಕ್ಯಾನ್ವಾಸಿನ ಬಿಗಿತವಿಲ್ಲದ, ಸ್ವೆಟರಿನಷ್ಟು ಹಗುರಾಗಿ ಮೈಮೇಲೆ ಕೂರುವ ಉಡುಪನ್ನು ಹಿಡಿದು ಬಂದಳು. ಮೊದಲ ಪ್ರದರ್ಶನಕ್ಕೆ ಪ್ಯಾರಿಸ್ಸಿನ ಪತ್ರಿಕೆಗಳು ಮುಖ ತಿರುಗಿಸಿದವು, ಅಮೆರಿಕದವರು ಕೊಂಡರು. ಮುಂದಿನ ಕೆಲವೇ ವರ್ಷಗಳಲ್ಲಿ ಅಂಚುಪಟ್ಟಿ, ನಾಲ್ಕು ಜೇಬು, ಒಳಗೊಂದು ಸರಪಳಿ ಇರುವ, ಟ್ವೀಡ್ ಎಂಬ ದಪ್ಪ ಉಣ್ಣೆ ಬಟ್ಟೆಯ ಜಾಕೆಟ್ಟು ರೂಪ ತಳೆಯಿತು.

ಕೊಡಗಿನಲ್ಲಿ ಈ ಜಾಕೆಟ್ಟು ಬೀರುವಿನಲ್ಲಿ ಕೊಳೆಯುವ ಶೋಕಿಯ ವಸ್ತುವಾಗಿ ಉಳಿಯಬೇಕಿಲ್ಲ. ಜೂನ್‌ನಿಂದ ಫೆಬ್ರವರಿವರೆಗೂ ಬೆಳಿಗ್ಗೆ ಸಂಜೆ ತೊಡಬಹುದು. ತುಂಬುತೋಳಿನ ಜಾಕೀಟು ಇಲ್ಲಿನ ಹೆಂಗಸರಿಗೆ ಹೊಸದೂ ಅಲ್ಲ, ಕೊಡವ ಸೀರೆಯ ಜೊತೆ ತಲೆಮಾರುಗಳಿಂದ ಬಂದಿದೆ. ಬೇಕಾಗಿರುವುದು ತಾಳ್ಮೆ: ಕೈ ಪಳಗಿದವರಿಗೂ 70ರಿಂದ 80 ಗಂಟೆ ಹಿಡಿಯುವ ಕೆಲಸ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೈಹೊಲಿಗೆ. ಕಷ್ಟದ ಜಾಗ ಎರಡೇ. ಒಂದು ಕಂಕುಳು, ಇನ್ನೊಂದು ಲೈನಿಂಗು ಟ್ವೀಡಿಗೆ ಕೂಡುವ ರೀತಿ. ಇವೆರಡು ಸರಿಯಾದರೆ ಜೇಬು ಒಂದು ಎಳೆ ಓರೆಯಾದರೂ ಜಾಕೆಟ್ಟು ಚೆನ್ನಾಗಿರುತ್ತದೆ. ಇವು ಕೆಟ್ಟರೆ ಎಷ್ಟು ಬೆಲೆಯ ಗುಂಡಿ ಹಾಕಿದರೂ ಅದು ಅಂಗಡಿಯ ಕೋಟು.

ಯಾವಾಗ ಶುರುಮಾಡಬೇಕು

ಉಣ್ಣೆಯ ಬಟ್ಟೆ ಹಬೆಯಲ್ಲಿ ಆಕಾರ ಪಡೆಯುತ್ತದೆ, ಒಣಗುವಾಗ ಆ ಆಕಾರವನ್ನು ಹಿಡಿದುಕೊಳ್ಳುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಡಿಕೇರಿಯಲ್ಲಿ ಜುಲೈ ತಿಂಗಳಲ್ಲಿ ಇಸ್ತ್ರಿ ಮಾಡಿದ ಉಣ್ಣೆ ಮೇಜಿನ ಮೇಲೆ ಅರ್ಧ ಗಂಟೆಯಾದರೂ ತಣ್ಣಗೆ ತೇವವಾಗಿಯೇ ಇರುತ್ತದೆ. ಆ ಹೊತ್ತಿಗೆ ಎತ್ತಿದರೆ ಕುತ್ತಿಗೆಯ ಸುತ್ತು ಹಿಗ್ಗಿಬಿಡುತ್ತದೆ, ಮತ್ತೆ ಕುಗ್ಗಿಸುವುದು ಬಹಳ ಕಷ್ಟ. ಆದ್ದರಿಂದ ಮಳೆಗಾಲವನ್ನು ಅಳತೆಗೆ, ಕೋರಾ ಬಟ್ಟೆಯ ಮಾದರಿಗೆ ಇಟ್ಟುಕೊಳ್ಳಿ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬ ಮುಗಿದು ಮಳೆ ಹಿಂದೆಗೆದ ಮೇಲೆ, ಅಕ್ಟೋಬರಿನಲ್ಲಿ, ಟ್ವೀಡನ್ನು ಹದಮಾಡಿ ಕತ್ತರಿಸಿ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ ಗೆರೆ ಹೊಲಿಗೆ, ಅಂದರೆ ಲೈನಿಂಗನ್ನು ಟ್ವೀಡಿಗೆ ಗೆರೆಗೆರೆಯಾಗಿ ಸೇರಿಸುವ ಮೆಷಿನ್ ಹೊಲಿಗೆ, ಮುಗಿದಿರಲಿ. ಕಾಫಿ ಕುಯ್ಲು ಶುರುವಾದರೆ ತೋಟದ ಮನೆಗಳಲ್ಲಿ ಹಗಲು ಹೊಲಿಗೆಗೆ ಕೂರಲು ಆಗುವುದಿಲ್ಲ. ಆದರೆ ಉಳಿದಿರುವ ಕೈಹೊಲಿಗೆ ಸಂಜೆ ಬೆಂಕಿಯ ಪಕ್ಕ ಕೂತು ಮಾಡುವಂಥದ್ದು. ದರ್ಜಿಯ ನೆರವು ಬೇಕಿದ್ದರೆ ಏಪ್ರಿಲ್, ಮೇ ಬಿಟ್ಟುಬಿಡಿ. ಮದುವೆಯ ಕಾಲದಲ್ಲಿ ಅವರ ಕೈ ಖಾಲಿ ಇರುವುದಿಲ್ಲ.

ಬಟ್ಟೆ, ಲೈನಿಂಗು, ಉಳಿದ ಸಾಮಾನು

ಎದೆ ಸುತ್ತಳತೆ 36 ಇಂಚು, ಜಾಕೆಟ್ಟಿನ ಉದ್ದ 21 ಇಂಚು ಎಂದು ಲೆಕ್ಕ ಹಿಡಿದರೆ, 58 ಇಂಚು ಪನ್ನದ ಟ್ವೀಡು 1.75 ಮೀಟರು ಬೇಕು. ಚೌಕಳಿ ಇದ್ದರೆ ಗೆರೆ ಕೂಡಿಸಲು 2 ಮೀಟರು. 44 ಇಂಚು ಪನ್ನದ ರೇಷ್ಮೆ ಲೈನಿಂಗು 2.25 ಮೀಟರು, ರೇಷ್ಮೆಯ ಆರ್ಗಂಜಾ ಅರ್ಧ ಮೀಟರು, ಅಂಚುಪಟ್ಟಿ 4 ಮೀಟರು, ಸರಪಳಿ 1.1 ಮೀಟರು.

ಇಲ್ಲಿ ಟ್ವೀಡು ಎಂದರೆ ಒತ್ತಾಗಿ ನೇಯ್ದ ಕೋಟಿನ ಬಟ್ಟೆಯಲ್ಲ. ಎಳೆ ದಪ್ಪ, ಸಡಿಲ ನೇಯ್ಗೆ, ಮೇಲ್ಮೈ ಉಬ್ಬುತಗ್ಗು ಇರುವುದು ಬೇಕು. ಶನೆಲ್ ಮನೆಗೆ ಇಂಗ್ಲೆಂಡಿನ ಕಾರ್ಲೈಲಿನ ಲಿಂಟನ್ ಮಿಲ್ಲು ಒದಗಿಸುತ್ತಿದ್ದದ್ದು ಇಂಥದ್ದೇ. ಕಾರಣ ಸರಳ: ಲೈನಿಂಗನ್ನು ಟ್ವೀಡಿಗೆ ಸೇರಿಸುವ ಮೆಷಿನ್ ಹೊಲಿಗೆ ಹೊರಗಿನಿಂದ ಕಾಣಬಾರದು. ಉಬ್ಬುತಗ್ಗಿನ ಬಟ್ಟೆಯಲ್ಲಿ ಹೊಲಿಗೆ ಎಳೆಗಳ ನಡುವೆ ಮುಳುಗುತ್ತದೆ, ನುಣುಪು ಬಟ್ಟೆಯಲ್ಲಿ ಹಾಸಿಗೆಯ ಗೆರೆಯ ಹಾಗೆ ಎದ್ದು ಕಾಣುತ್ತದೆ. ಅಜ್ಜನ ಕಾಲದ ಮಿಲಿಟರಿ ಓವರ್‌ಕೋಟು ಬಿಚ್ಚಿ ಹೊಲಿಯೋಣ ಎಂದು ಅನೇಕರಿಗೆ ಅನ್ನಿಸುತ್ತದೆ. ಕೊಡಗಿನ ಮನೆಗಳಲ್ಲಿ ಅಂಥ ಕೋಟು ಇದ್ದೇ ಇರುತ್ತದೆ, ಬಟ್ಟೆಯೂ ಒಳ್ಳೆಯದೇ, ಆದರೆ ಈ ಕೆಲಸಕ್ಕೆ ಆಗುವುದಿಲ್ಲ. ಅದನ್ನು ಹಾಗೆಯೇ ಇಟ್ಟುಕೊಳ್ಳಿ.

ಬಟ್ಟೆಗೆ ಬೆಂಗಳೂರಿನ ಚಿಕ್ಕಪೇಟೆ, ಕಮರ್ಷಿಯಲ್ ಸ್ಟ್ರೀಟ್ ಕಡೆಗೇ ಹೋಗಬೇಕಾಗುತ್ತದೆ. ಟ್ವೀಡು ಎಂದು ಮಾರುವುದರಲ್ಲಿ ಪಾಲಿಯೆಸ್ಟರ್, ಅಕ್ರಿಲಿಕ್ ಬೇಕಾದಷ್ಟಿವೆ. ಕಾಲು ಮೀಟರು ಮಾದರಿ ಕೊಂಡು ಹಾಸು ಮತ್ತು ಹೊಕ್ಕಿನ ಪ್ರತಿ ಬಣ್ಣದಿಂದಲೂ ಒಂದೊಂದು ಎಳೆ ತೆಗೆದು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಒತ್ತಿದಾಗ ಕರಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ನಡುನಡುವೆ ಒಂದು ಹೊಳೆಯುವ ಎಳೆ ಕೃತಕವಾಗಿದ್ದರೆ ಪರವಾಗಿಲ್ಲ. ಮುಖ್ಯ ಎಳೆಯೇ ಮಣಿಯಾದರೆ ಆ ಬಟ್ಟೆ ಬೇಡ, ಏಕೆಂದರೆ ಹಬೆಗೆ ಅದು ಕುಗ್ಗುವುದಿಲ್ಲ. ಕುಗ್ಗದ ಬಟ್ಟೆಯಲ್ಲಿ ಈ ತೋಳು ಕೂರುವುದಿಲ್ಲ.

ಲೈನಿಂಗಿನ ವಿಷಯದಲ್ಲಿ ಮಾತ್ರ ನಾವು ಪ್ಯಾರಿಸ್ಸಿನವರಿಗಿಂತ ಅದೃಷ್ಟವಂತರು. ಮೈಸೂರು ಸಿಲ್ಕಿನ ಸಾದಾ ಕ್ರೇಪಿಗಿಂತ ಒಳ್ಳೆಯ ಲೈನಿಂಗು ಹುಡುಕಿದರೂ ಸಿಗದು. ತೆಳು, ಜಾರುತ್ತದೆ, ಆದರೆ ಸ್ಯಾಟಿನ್ನಿನಷ್ಟು ಜಾರಿ ಕಾಟ ಕೊಡುವುದಿಲ್ಲ, ಮೈಯ ಬೆವರನ್ನು ಹೊರಗೆ ಬಿಡುತ್ತದೆ. ಹಳೆಯ ಸೀರೆಯೂ ಆಗುತ್ತದೆ. ಒಂದು ಸೀರೆಯಲ್ಲಿ ಲೈನಿಂಗು ಆಗಿ ಮಿಗುತ್ತದೆ. ಕತ್ತರಿಸುವ ಮೊದಲು ಬೆಳಕಿಗೆ ಹಿಡಿದು, ನೆರಿಗೆ ಬೀಳುತ್ತಿದ್ದ ಜಾಗವನ್ನು ಎರಡೂ ಹೆಬ್ಬೆರಳಿನಿಂದ ಮೆಲ್ಲಗೆ ಎಳೆಯಿರಿ. ಚರ್ ಎಂದು ಬಿಟ್ಟುಕೊಂಡರೆ ಅಷ್ಟು ಭಾಗ ಬಿಟ್ಟು ಉಳಿದದ್ದನ್ನು ಬಳಸಿ. ಜರಿಯ ಅಂಚನ್ನು ಒಳಗೆ ಎಲ್ಲಿಯೂ ತರಬೇಡಿ. ಕುತ್ತಿಗೆಗೆ ತರಚುತ್ತದೆ, ಒಳಗೆ ತೊಟ್ಟ ರೇಷ್ಮೆಯನ್ನೂ ಎಳೆಯುತ್ತದೆ.

ಹದಮಾಡುವುದು ಹೀಗೆ. ಹಳೆಯ ಹತ್ತಿ ಬೆಡ್‌ಶೀಟು ನೆನೆಸಿ, ನೀರು ತೊಟ್ಟಿಕ್ಕದ ಹಾಗೆ ಹಿಂಡಿ, ಟ್ವೀಡಿನ ಮೇಲೆ ಹರಡಿ ಎರಡನ್ನೂ ಒಟ್ಟಿಗೆ ಸಡಿಲವಾಗಿ ಸುರುಳಿ ಸುತ್ತಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಬಿಡಿಸಿ ನೆರಳಿನಲ್ಲಿ ಚಾಪೆಯ ಮೇಲೆ ಅಡ್ಡ ಹಾಸಿ ಒಣಗಿಸಿ. ದಾರದ ಮೇಲೆ ನೇತು ಹಾಕಿದರೆ ತನ್ನ ಭಾರಕ್ಕೇ ಉದ್ದವಾಗುತ್ತದೆ. ಕ್ರೇಪನ್ನು ತಣ್ಣೀರಿನಲ್ಲಿ ಅದ್ದಿ ತೆಗೆದು, ಅರೆ ಒಣಗಿದಾಗಲೇ ಇಸ್ತ್ರಿ ಮಾಡಿ. ಇದನ್ನು ಬಿಟ್ಟರೆ ಮೊದಲ ಡ್ರೈಕ್ಲೀನಿಂಗಿನಲ್ಲೇ ಒಂದು ಪದರ ಕುಗ್ಗಿ ಇನ್ನೊಂದು ಉಬ್ಬುತ್ತದೆ.

ಅಳತೆ, ಕೋರಾ ಬಟ್ಟೆಯ ಮಾದರಿ

ಅಳತೆ ತೆಗೆಯುವಾಗ ಜಾಕೆಟ್ಟಿನ ಒಳಗೆ ಏನು ತೊಡುತ್ತೀರೋ ಅದನ್ನೇ ತೊಟ್ಟು ನಿಲ್ಲಿ. ಇದು ಕೊಡಗಿನಲ್ಲಿ ಬೇರೆ ಕಡೆಗಿಂತ ಹೆಚ್ಚು ಮುಖ್ಯ. ಕೊಡವ ಸೀರೆಯ ನೆರಿಗೆ ಹಿಂದೆ ಇರುತ್ತದೆ, ಸೆರಗು ಬಲ ಭುಜದ ಮೇಲೆ ಬಂದು ಪಿನ್ನು ಬೀಳುತ್ತದೆ. ಸಾಮಾನ್ಯ ಅಳತೆಗೆ ಹೊಲಿದ ಜಾಕೆಟ್ಟು ಇದರ ಮೇಲೆ ತೊಟ್ಟರೆ ಹಿಂದಿನ ಕೆಳಅಂಚು ನೆರಿಗೆಯ ಮೇಲೆ ಬಾಲದ ಹಾಗೆ ಎದ್ದು ನಿಲ್ಲುತ್ತದೆ, ಬಲ ಭುಜ ಎಡಕ್ಕಿಂತ ಎತ್ತರ ಕಾಣುತ್ತದೆ. ಸೀರೆಗೆಂದೇ ಹೊಲಿಸುವುದಾದರೆ ಉದ್ದವನ್ನು 18ರಿಂದ 19 ಇಂಚಿಗೆ ಇಳಿಸಿ, ನೆರಿಗೆ ಸಿಕ್ಕಿಸಿದ ಜಾಗಕ್ಕಿಂತ ಮೇಲೆ ಅಂಚು ನಿಲ್ಲಲಿ. ಬಲ ಭುಜದ ಹೊಲಿಗೆಯನ್ನು ತೋಳಿನ ತುದಿಯ ಕಡೆ ಕಾಲಿಂಚು ಸಡಿಲಿಸಿ. ಪಿನ್ನಿನ ಬದಲು ಸೆರಗನ್ನು ಎರಡು ಟಾಕು ಹಾಕಿ ನಿಲ್ಲಿಸಿದರೆ ರೇಷ್ಮೆ ಲೈನಿಂಗಿಗೆ ತೂತು ಬೀಳುವುದಿಲ್ಲ. ಸೀರೆಗೂ ಪ್ಯಾಂಟಿಗೂ ಒಂದೇ ಜಾಕೆಟ್ಟು ಸಾಕು ಎಂಬ ಆಸೆಗೆ ಬೀಳಬೇಡಿ. ಎರಡಕ್ಕೂ ಅರೆಬರೆ ಕೂರುತ್ತದೆ.

ಮೈ ಅಳತೆಗೆ ಎದೆಯಲ್ಲಿ 2½ರಿಂದ 3 ಇಂಚು ಮಾತ್ರ ಸಡಿಲ ಕೊಡಿ. ಹೆಚ್ಚು ಕೊಟ್ಟರೆ ಇದು ಸ್ವೆಟರಿನ ಗುಣ ಕಳೆದುಕೊಳ್ಳುತ್ತದೆ. ತುಂಡುಗಳು: ಮುಂದೆ ಎರಡು, ಮುಂದಿನ ಪಕ್ಕ ಎರಡು, ಹಿಂದಿನ ಪಕ್ಕ ಎರಡು, ಹಿಂದೆ ಎರಡು, ತೋಳಿಗೆ ತಲಾ ಮೂರು. ಒಟ್ಟು 14. ಡಾರ್ಟು ಬೇಡ, ಭುಜದಿಂದ ಇಳಿಯುವ ಪ್ರಿನ್ಸೆಸ್ ಕಟ್ಟಿನಲ್ಲೇ ಆಕಾರ ಬರಲಿ. ಮುಂದಿನ ತುಂಡಿನಲ್ಲಿ ಹಾಸಿನ ಎಳೆ ನೆಲಕ್ಕೆ ಲಂಬವಾಗಿ ನಿಲ್ಲಬೇಕು. ಅದು ಅರ್ಧ ಬೆರಳು ಓರೆಯಾದರೂ ಮುಂಭಾಗದ ಎರಡು ಅಂಚು ಕೆಳಗೆ ಬಂದಂತೆ ಒಂದಕ್ಕೊಂದು ದೂರವಾಗುತ್ತವೆ, ಇಲ್ಲವೇ ಒಂದರ ಮೇಲೊಂದು ಏರುತ್ತವೆ.

ಮಾದರಿಯನ್ನು ಟ್ವೀಡಿನಷ್ಟೇ ಭಾರದ ಕೋರಾ ಬಟ್ಟೆಯಲ್ಲಿ ಹೊಲಿಯಿರಿ. ತೆಳು ಮಲ್‌ನಲ್ಲಿ ಹೊಲಿದ ಮಾದರಿ ಸುಳ್ಳು ಹೇಳುತ್ತದೆ. ಬಟ್ಟೆ ಉಳಿಸಲು ಈ ಹಂತ ಬಿಡುವವರೇ ಹೆಚ್ಚು. ಬಟ್ಟೆಯ ಬರ ಎಂದರೆ ಏನೆಂದು ಪ್ಯಾರಿಸ್ಸಿನ ಉಡುಪಿನ ಮನೆಗಳಿಗೂ ಗೊತ್ತಿತ್ತು: 1945ರಲ್ಲಿ ಅವರು ತಂತಿಯಿಂದ ಮಾಡಿದ, ಸುಮಾರು 70 ಸೆಂಟಿಮೀಟರ್ ಎತ್ತರದ ಗೊಂಬೆಗಳಿಗೆ ಹೊಸ ಉಡುಪು ಹೊಲಿದು ಲೂವ್ರ್ ಕಟ್ಟಡದಲ್ಲಿ ಪ್ರದರ್ಶನಕ್ಕಿಟ್ಟರು. ಅಂಥ ಬರದಲ್ಲೂ ಮಾದರಿ ಮಾಡುವುದನ್ನು ಕೈಬಿಡದೆ ಅದರ ಗಾತ್ರವನ್ನು ಕಿರಿದು ಮಾಡಿದರು. ಕೋರಾ ಬಟ್ಟೆಯಲ್ಲಿ ಎರಡು ಸಲ ತಿದ್ದಿ, ಮೂರನೆಯದನ್ನೇ ಬಿಚ್ಚಿ ಕಾಗದದ ಪ್ಯಾಟರ್ನಿನ ಬದಲು ಬಳಸಿ.

ಕಂಕುಳು

ಶನೆಲ್ ಚಿತ್ರ ಬರೆದು ವಿನ್ಯಾಸ ಮಾಡುತ್ತಿದ್ದವಳಲ್ಲ. ಕುತ್ತಿಗೆಗೆ ರಿಬ್ಬನ್ನಿನಲ್ಲಿ ಕತ್ತರಿ ತೂಗುಬಿಟ್ಟುಕೊಂಡು, ಜೀವಂತ ಹುಡುಗಿಯ ಮೈಮೇಲೆ ಬಟ್ಟೆ ಇಟ್ಟು ಪಿನ್ನು ಹಾಕುತ್ತಿದ್ದಳು. ಹೊಲಿದು ತಂದ ತೋಳನ್ನು ಕಿತ್ತು ಮತ್ತೆ ಹಾಕಿಸುವುದು ಆಕೆಯ ಮನೆಯಲ್ಲಿ ನಿತ್ಯದ ಮಾತು. ಹಠಕ್ಕೆ ಕಾರಣವಿತ್ತು. ಕೈ ಎತ್ತಿದಾಗ ಕೋಟು ಪೂರ್ತಿ ಮೇಲೇಳುವುದು ಕಂಕುಳು ತಗ್ಗಿರುವುದರಿಂದ. ನೋಡಲು ತಗ್ಗು ಕಂಕುಳು ಆರಾಮ ಎನ್ನಿಸುತ್ತದೆ, ಆದರೆ ತಗ್ಗಿದಷ್ಟೂ ತೋಳು ಮತ್ತು ಪಕ್ಕೆಯ ಬಟ್ಟೆ ಒಂದಾಗಿ, ತೋಳು ಎಳೆದರೆ ಪಕ್ಕೆಯೂ ಎಳೆಯುತ್ತದೆ. ಎತ್ತರದ, ಕಿರಿದಾದ ಕಂಕುಳಿನಲ್ಲಿ ತೋಳು ತನ್ನಷ್ಟಕ್ಕೆ ತಿರುಗುತ್ತದೆ.

ಅಂಗಡಿಯ ಕೋಟಿನ ಕಂಕುಳು ನಿಮ್ಮ ಕಂಕುಳಿನಿಂದ ಒಂದೂವರೆ, ಎರಡು ಇಂಚು ಕೆಳಗಿರುತ್ತದೆ. ಇಲ್ಲಿ ಮುಕ್ಕಾಲು ಇಂಚು ಮೀರಬಾರದು. ಭುಜದ ಅಗಲ ಮೂಳೆಯ ತುದಿಗೇ ನಿಲ್ಲಲಿ, ಅಥವಾ ಕಾಲಿಂಚು ಒಳಗೆ. ಮಾದರಿ ತೊಟ್ಟು ಕಂಕುಳಿನ ಕೆಳಗೆ ಒಂದು ಬೆರಳು ಅಡ್ಡ ತೂರಿಸಿ: ಒಂದು ಬೆರಳು ಸಲೀಸಾಗಿ ಹೋಗಬೇಕು, ಎರಡು ಹೋಗಬಾರದು. ಆಮೇಲೆ ಅಟ್ಟದ ಮೇಲಿನ ಡಬ್ಬಿ ತೆಗೆಯುವ ಹಾಗೆ ಎರಡೂ ಕೈ ಎತ್ತಿ. ಕೆಳಅಂಚು ಮುಕ್ಕಾಲು ಇಂಚಿಗಿಂತ ಹೆಚ್ಚು ಮೇಲೇರಿದರೆ ಕಂಕುಳು ಇನ್ನೂ ತಗ್ಗಿದೆ ಎಂದರ್ಥ. ಕೋರಾ ಬಟ್ಟೆಯ ತುಂಡು ಸೇರಿಸಿ ಏರಿಸಿ. ಕೈ ಮುಂದೆ ಚಾಚಿದಾಗ ಬೆನ್ನು ಬಿಗಿದರೆ ಕಂಕುಳನ್ನು ಮುಟ್ಟಬೇಡಿ, ಹಿಂದಿನ ಪಕ್ಕದ ತುಂಡಿಗೆ ಕಾಲಿಂಚು ಸೇರಿಸಿ.

ಹೊಲಿಸಲು ಕೊಡುವವರು ಇದನ್ನು ದರ್ಜಿಗೆ ಮೊದಲೇ ಬಿಡಿಸಿ ಹೇಳಬೇಕು. ಕೊಡವ ಗಂಡಸರು ತೊಡುವ ಕುಪ್ಯ ಹೊಲಿದು ಪಳಗಿದವರಿಗೆ ದಪ್ಪ ಬಟ್ಟೆಯ ಮೇಲೆ ಒಳ್ಳೆಯ ಹಿಡಿತವಿರುತ್ತದೆ. ಆದರೆ ಕುಪ್ಯ ತುಂಬುತೋಳಿನ ಶರ್ಟಿನ ಮೇಲೆ ತೊಡುವ, ಸೊಂಟಕ್ಕೆ ಚೇಲೆ ಎಂಬ ಪಟ್ಟಿ ಬಿಗಿದು ನಿಲ್ಲಿಸುವ ಸಡಿಲ ಉಡುಪು, ಅದರ ಕಂಕುಳೂ ಸಡಿಲ. ಆ ಅಭ್ಯಾಸದ ಕೈ ಇಲ್ಲಿಯೂ ಅರ್ಧ ಇಂಚು ಇಳಿಸಿ ಕತ್ತರಿಸುತ್ತದೆ. ತಿದ್ದಿದ ಕೋರಾ ಮಾದರಿಯನ್ನೇ ಕೈಗೆ ಕೊಡಿ, ಇಂಚಿನ ಲೆಕ್ಕ ಬರೆದ ಚೀಟಿ ಸಾಲದು.

ಕತ್ತರಿಸುವುದು ಮತ್ತು ಗೆರೆ ಹೊಲಿಗೆ

ಟ್ವೀಡು ಕತ್ತರಿಸಿದ ಕ್ಷಣದಿಂದ ಎಳೆ ಬಿಡತೊಡಗುತ್ತದೆ. ಹೊಲಿಗೆಯ ಗೆರೆಯಿಂದ ಹೊರಗೆ ಎಲ್ಲ ಕಡೆ ಒಂದೂವರೆ ಇಂಚು ಬಿಟ್ಟು ಕತ್ತರಿಸಿ. ಓವರ್‌ಲಾಕ್ ಮಾಡಿಸಬೇಡಿ, ಆ ದಾರದ ದಪ್ಪ ಇಸ್ತ್ರಿಯಲ್ಲಿ ಹೊರಗೆ ಗುರುತು ಬೀಳಿಸುತ್ತದೆ. ಚಾಕ್‌ಪೀಸಿನ ಗೆರೆ ಈ ಬಟ್ಟೆಯ ಮೇಲೆ ಒಂದು ದಿನವೂ ನಿಲ್ಲುವುದಿಲ್ಲ, ಆದ್ದರಿಂದ ಹೊಲಿಗೆಯ ಗೆರೆಯನ್ನೆಲ್ಲ ಬಿಳಿ ಹತ್ತಿ ದಾರದಲ್ಲಿ ದೊಡ್ಡ ಟಾಕು ಹಾಕಿ ಗುರುತಿಸಿ. ಚೌಕಳಿ ಇದ್ದರೆ ಎರಡು ಪದರ ಮಡಿಸಿ ಕತ್ತರಿಸದೆ ಒಂದೊಂದೇ ತುಂಡು ಕತ್ತರಿಸಿ. ಪ್ರಿನ್ಸೆಸ್ ಕಟ್ಟಿನಲ್ಲಿ ಎದೆಯಿಂದ ಕೆಳಗೆ ಅಡ್ಡ ಗೆರೆ ಕೂಡಿದರೆ ಸಾಕು, ಎದೆಯ ಮೇಲೆ ಕೂಡುವುದಿಲ್ಲ. ಪ್ರತಿ ಟ್ವೀಡ್ ತುಂಡಿಗೂ ಅದರದೇ ಲೈನಿಂಗ್ ತುಂಡು, ಸುತ್ತ ಅರ್ಧ ಇಂಚು ದೊಡ್ಡದು.

ಈಗ ಗೆರೆ ಹೊಲಿಗೆ. ಕ್ಯಾನ್ವಾಸಿಲ್ಲದೆ ಜಾಕೆಟ್ಟು ಆಕಾರ ಹಿಡಿದು ನಿಲ್ಲುವುದು ಇದರಿಂದಲೇ. ಲೈನಿಂಗಿನ ಮತ್ತು ಟ್ವೀಡಿನ ಒಳಮೈಗಳನ್ನು ಎದುರುಬದುರು ಇಟ್ಟು, ಮೇಜಿನ ಮೇಲೆ ಅಂಗೈಯಲ್ಲಿ ನೇವರಿಸಿ ಕೂರಿಸಿ. ಮೇಲಿನಿಂದ ಕೆಳಕ್ಕೆ ಉದ್ದುದ್ದ ಟಾಕು ಹಾಕಿ, ಪಿನ್ನು ಮಾತ್ರ ನಂಬಬೇಡಿ. ಮೆಷಿನ್ನಿಗೆ 14 ನಂಬರಿನ ಸೂಜಿ, ಇಂಚಿಗೆ 8 ಹೊಲಿಗೆ. ಮೇಲಿನ ದಾರ ಟ್ವೀಡಿನ ಬಣ್ಣದ್ದು, ಬಾಬಿನ್ನಿನ ದಾರ ಲೈನಿಂಗಿನ ಬಣ್ಣದ್ದು. ಟ್ವೀಡು ಮೇಲೆ ಬರುವಂತೆ ಇಟ್ಟು, ಬಟ್ಟೆಯದೇ ಗೆರೆಯನ್ನು ಹಿಡಿದು ಹೊಲಿಯಿರಿ. ಗೆರೆಯಿಂದ ಗೆರೆಗೆ ಒಂದೂವರೆ ಇಂಚು. ಮೊದಲ ಗೆರೆ ತುಂಡಿನ ನಡುವೆ, ಆಮೇಲೆ ಎಡಕ್ಕೊಂದು ಬಲಕ್ಕೊಂದು. ಎಲ್ಲ ಗೆರೆಯೂ ಕೆಳಗಿನಿಂದ ಮೇಲಕ್ಕೇ ಹೋಗಬೇಕು. ಒಂದು ಮೇಲಕ್ಕೆ ಒಂದು ಕೆಳಕ್ಕೆ ಹೊಲಿದರೆ ಮೆಷಿನ್ನಿನ ಹಲ್ಲು ಪದರಗಳನ್ನು ಎದುರುಬದುರು ತಳ್ಳಿ ನಡುವೆ ಓರೆ ಸುಕ್ಕು ನಿಲ್ಲುತ್ತದೆ.

ಗೆರೆಗಳು ತುಂಡಿನ ಅಂಚಿನವರೆಗೆ ಹೋಗಬಾರದು. ಪಕ್ಕದ ಹೊಲಿಗೆಯ ಗೆರೆಯಿಂದ ಒಂದೂಕಾಲು ಇಂಚು, ಕೆಳಅಂಚಿನಿಂದ ಒಂದೂವರೆ ಇಂಚು, ಭುಜದಿಂದ ಎರಡು ಇಂಚು ಮೊದಲೇ ನಿಲ್ಲಿಸಿ. ಆ ಜಾಗದಲ್ಲಿ ಲೈನಿಂಗನ್ನು ಮಡಚಿ ಸರಿಸಿ ಟ್ವೀಡಿಗೆ ಟ್ವೀಡು ಹೊಲಿಯಬೇಕಾಗುತ್ತದೆ. ಕೊನೆಯಲ್ಲಿ ಹಿಂದೆ ಮುಂದೆ ಹೊಲಿದು ಗಂಟು ಮಾಡದೆ ನಾಲ್ಕು ಇಂಚು ದಾರ ಬಿಡಿ. ಎರಡೂ ದಾರವನ್ನು ಸೂಜಿಯಿಂದ ಪದರಗಳ ನಡುವೆ ಎಳೆದು ಅಲ್ಲಿ ಗಂಟು ಹಾಕಿ.

ಇಲ್ಲಿ ಕಾಲಿನಿಂದ ತುಳಿಯುವ ಹಳೆಯ ಮೆಷಿನ್ನೇ ಒಳ್ಳೆಯದು. ಕರೆಂಟಿನ ಏರಿಳಿತಕ್ಕೆ ಮೋಟಾರು ಜಗ್ಗಿದಾಗ ಹೊಲಿಗೆ ಅಸಮವಾಗುತ್ತದೆ. ತುಳಿತದಲ್ಲಿ ಒಂದೊಂದೇ ಹೊಲಿಗೆ ನಿಮ್ಮ ಅಂಕೆಯಲ್ಲಿರುತ್ತದೆ. ಪ್ರೆಸರ್ ಫುಟ್ಟಿನ ಒತ್ತಡವನ್ನು ಎರಡು ಸುತ್ತು ಸಡಿಲಿಸಿ. ಮೊದಲು ಚೂರು ಬಟ್ಟೆಯಲ್ಲಿ ಎಂಟು ಇಂಚು ಚೌಕದ ಮಾದರಿ ಹೊಲಿದು ನೋಡಿ. ಲೈನಿಂಗು ಸಣ್ಣಗೆ ನಿರಿಗೆಗಟ್ಟಿದರೆ ದಾರದ ಬಿಗಿ ಹೆಚ್ಚಾಗಿದೆ. ಟ್ವೀಡು ಮುಂದೆ ಸರಿದು ಗುಡ್ಡೆಯಾದರೆ ಒತ್ತಡ ಹೆಚ್ಚಾಗಿದೆ.

ಗೆರೆ ಹೊಲಿಗೆಯ ನಂತರ ತುಂಡುಗಳು ಕುಗ್ಗಿರುತ್ತವೆ, ಇಡೀ ಜಾಕೆಟ್ಟಿನ ಸುತ್ತಿಗೆ ಅರ್ಧ ಇಂಚಿನಷ್ಟು. ಆದ್ದರಿಂದ ಪ್ರತಿ ತುಂಡಿನ ಮೇಲೂ ಮಾದರಿಯನ್ನು ಮತ್ತೆ ಇಟ್ಟು ದಾರದ ಗುರುತನ್ನು ಹೊಸದಾಗಿ ಹಾಕಿ. ಇದನ್ನು ಬಿಟ್ಟವರ ಜಾಕೆಟ್ಟು ಕೊನೆಯಲ್ಲಿ ಬಿಗಿಯಾಗುತ್ತದೆ, ಯಾಕೆಂದು ಅವರಿಗೆ ತಿಳಿಯುವುದೂ ಇಲ್ಲ.

ತುಂಡುಗಳನ್ನು ಸೇರಿಸುವುದು

ಲೈನಿಂಗನ್ನು ಹಿಂದಕ್ಕೆ ಮಡಚಿ ಪಿನ್ನು ಹಾಕಿ, ಟ್ವೀಡನ್ನು ಮಾತ್ರ ಇಂಚಿಗೆ 10 ಹೊಲಿಗೆಯಲ್ಲಿ ಸೇರಿಸಿ. ಟಾಕು ಹಾಕದೆ ಚೌಕಳಿ ಕೂಡಿಸಲು ಹೋಗಬೇಡಿ. ಒಳಗೆ ಬಿಟ್ಟ ಬಟ್ಟೆಯನ್ನು ಮುಕ್ಕಾಲು ಇಂಚಿಗೆ ಇಳಿಸಿ, ಬಿಡಿಸಿ, ಒದ್ದೆ ಹತ್ತಿ ಬಟ್ಟೆ ಇಟ್ಟು ಇಸ್ತ್ರಿ ಮಾಡಿ. ಪೆಟ್ಟಿಗೆಯನ್ನು ಎತ್ತಿ ಇಡಬೇಕು, ಉಜ್ಜಬಾರದು. ಎದೆಯ ಉಬ್ಬಿಗೆ ಟವೆಲು ಬಿಗಿಯಾಗಿ ಸುತ್ತಿ ಒಳಗಿಟ್ಟುಕೊಳ್ಳಿ. ಕರೆಂಟಿಲ್ಲದ ದಿನ ಇದ್ದಿಲು ಪೆಟ್ಟಿಗೆ ಸಾಕು, ಹಬೆ ಬರುವುದು ಒದ್ದೆ ಬಟ್ಟೆಯಿಂದ. ಕೆಂಡದ ಕಿಡಿ ಹಾರದಂತೆ ನೋಡಿಕೊಳ್ಳಿ.

ಆಮೇಲೆ ಲೈನಿಂಗು. ಒಂದು ಕಡೆಯದನ್ನು ಹೊಲಿಗೆಯ ಮೇಲೆ ಚಪ್ಪಟೆ ಹಾಸಿ, ಇನ್ನೊಂದನ್ನು ಒಳಕ್ಕೆ ಮಡಚಿ ಅದರ ಮೇಲೆ ಇಟ್ಟು, ಮಡಿಕೆಯೊಳಗೇ ಸೂಜಿ ಓಡಿಸಿ ಹೊರಗೆ ದಾರ ಕಾಣದ ಹಾಗೆ ಸಣ್ಣ ಹೊಲಿಗೆ ಹಾಕಿ. ದಾರ ಎಳೆದು ಬಿಗಿಯಬೇಡಿ. ಲೈನಿಂಗು ಟ್ವೀಡಿಗಿಂತ ಕೂದಲೆಳೆ ಸಡಿಲವೇ ಇರಲಿ. ಮುಂದಿನ ಅಂಚಿಗೆ ಮತ್ತು ಕುತ್ತಿಗೆಗೆ ಒಂದೂಕಾಲು ಇಂಚು ಅಗಲದ ಆರ್ಗಂಜಾ ಪಟ್ಟಿಯನ್ನು ನೇರ ಎಳೆಯಲ್ಲಿ ಕತ್ತರಿಸಿ ಒಳಗೆ ಟಾಕಿ. ಕ್ರಾಸ್ ಕತ್ತರಿಸಿದ ಪಟ್ಟಿ ಹಿಗ್ಗುತ್ತದೆ, ತಡೆಯುವುದಿಲ್ಲ. ಟ್ವೀಡನ್ನು ಅದರ ಮೇಲೆ ಒಳಕ್ಕೆ ಮಡಚಿ, ಲೈನಿಂಗನ್ನು ಅಂಚಿನಿಂದ ಕಾಲಿಂಚಿಗಿಂತ ಸ್ವಲ್ಪ ಕಡಿಮೆ ಒಳಗೆ ನಿಲ್ಲಿಸಿ ಕೈಯಲ್ಲಿ ಮುಗಿಸಿ. ಬಕ್ರಂ ಅಂಟಿಸಿದರೆ ಬೇಗ ಮುಗಿಯುತ್ತದೆ ಎಂದು ಯಾರಾದರೂ ಹೇಳುತ್ತಾರೆ. ಕೊಡಗಿನ ಎರಡು ಮಳೆಗಾಲಕ್ಕೆ ಆ ಅಂಟು ಗುಳ್ಳೆ ಏಳುತ್ತದೆ.

ತೋಳು

ತೋಳಿನ ಮೂರು ತುಂಡಿನಲ್ಲಿ ಒಂದು ಹೊಲಿಗೆ ಭುಜದಿಂದ ಮೊಣಕೈ ಮೇಲೆ ಹಾದು ಮಣಿಕಟ್ಟಿಗೆ ಇಳಿಯುತ್ತದೆ. ತೋಳಿಗೆ ಮೊಣಕೈಯ ಬಾಗು ಸಿಗುವುದು ಅಲ್ಲಿಂದ. ಗೆರೆ ಹೊಲಿಗೆಯನ್ನು ತೋಳಿನ ತಲೆಯಿಂದ ಐದು ಇಂಚು ಕೆಳಗೇ ನಿಲ್ಲಿಸಿ. ತಲೆಯ ಸುತ್ತು ಕಂಕುಳಿನ ಸುತ್ತಿಗಿಂತ ಒಂದೂವರೆ ಇಂಚು ಹೆಚ್ಚಿರುತ್ತದೆ, ಆ ಹೆಚ್ಚನ್ನು ನೆರಿಗೆ ಮಾಡದೆ ಹಬೆಯಲ್ಲಿ ಕುಗ್ಗಿಸಬೇಕು. ಎರಡು ಸಾಲು ಸಣ್ಣ ಟಾಕು ಹಾಕಿ ದಾರ ಎಳೆದು, ಟವೆಲಿನ ಉಂಡೆಯ ಮೇಲೆ ತಲೆ ಹೊದಿಸಿ ಹಬೆ ಕೊಡಿ, ಅಂಗೈಯಲ್ಲಿ ಒತ್ತಿ ಹಿಡಿಯಿರಿ. ತಣ್ಣಗಾಗಿ ಒಣಗುವವರೆಗೂ ತೆಗೆಯಬೇಡಿ. ಸರಿಯಾಗಿ ಕುಗ್ಗಿದ ತಲೆ ಬಟ್ಟಲಿನ ಹಾಗೆ ತಾನೇ ನಿಲ್ಲುತ್ತದೆ.

ಜೋಡಿಸುವುದು ಕೈಯಲ್ಲೇ. ಜಾಕೆಟ್ಟು ತೊಟ್ಟು ಕನ್ನಡಿ ಮುಂದೆ ನಿಂತು, ಮತ್ತೊಬ್ಬರಿಂದ ತೋಳಿಗೆ ಪಿನ್ನು ಹಾಕಿಸಿಕೊಳ್ಳಿ. ಕೈ ಸುಮ್ಮನೆ ಇಳಿಬಿಟ್ಟಾಗ ತೋಳಿನ ಹಾಸಿನ ಎಳೆ ನೇರವಾಗಿ ಕೆಳಗಿಳಿಯಬೇಕು. ಮುಂದೆ ಓರೆ ಸುಕ್ಕು ಬಿದ್ದರೆ ತೋಳನ್ನು ಕಾಲಿಂಚು ಮುಂದಕ್ಕೆ ತಿರುಗಿಸಿ, ಹಿಂದೆ ಬಿದ್ದರೆ ಹಿಂದಕ್ಕೆ. ನಮ್ಮ ಎರಡು ಭುಜ ಒಂದೇ ತರ ಇರುವುದಿಲ್ಲವಾದ್ದರಿಂದ ಎಡದ ಗುರುತನ್ನು ಬಲಕ್ಕೆ ನಕಲು ಮಾಡಬೇಡಿ. ಜೋಡಿ ರೇಷ್ಮೆ ದಾರಕ್ಕೆ ಮೇಣ ಉಜ್ಜಿ, ಪ್ರತಿ ಹೊಲಿಗೆಗೂ ಅರ್ಧ ಹಿಂದಕ್ಕೆ ಬರುತ್ತಾ ಸುತ್ತ ಹೊಲಿಯಿರಿ. ಮೆಷಿನ್ ಹೊಲಿಗೆ ಇಲ್ಲಿ ಗಟ್ಟಿ ಬಳೆಯಾಗಿಬಿಡುತ್ತದೆ. ಕೈಹೊಲಿಗೆ ಕೈಯ ಜೊತೆ ಬಳುಕುತ್ತದೆ. ಕಂಕುಳಿನ ಕೆಳಗೆ ಒಳಬಟ್ಟೆಯನ್ನು ಅರ್ಧ ಇಂಚಿಗೆ ಇಳಿಸಿ, ನಂತರ ಲೈನಿಂಗು ಮುಚ್ಚಿ.

ಜೇಬು, ಅಂಚುಪಟ್ಟಿ, ಸರಪಳಿ

ಕೆಳಗಿನ ಜೇಬು 4½ ಇಂಚು ಅಗಲ, 4¾ ಎತ್ತರ. ಮೇಲಿನದು 3¾ಕ್ಕೆ 4. ಪ್ರತಿಯೊಂದಕ್ಕೂ ಬೇರೆ ಲೈನಿಂಗ್ ಹಾಕಿ ಮುಗಿಸಿ, ಜಾಕೆಟ್ಟು ತೊಟ್ಟ ಮೇಲೆಯೇ ಜಾಗ ಗೊತ್ತುಮಾಡಿ. ಕೈ ತಾನಾಗಿ ಹೋಗುವ ಕಡೆ ಜೇಬು ಇರಲಿ, ಅದು ಅಲಂಕಾರಕ್ಕಿಟ್ಟದ್ದಲ್ಲ. ಐದಡಿಗಿಂತ ಸ್ವಲ್ಪವೇ ಎತ್ತರದವರು ಕೆಳಗಿನ ಎರಡರಲ್ಲೇ ನಿಲ್ಲಿಸುವುದು ಲೇಸು. 1945ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಉಡುಪಿನ ಮನೆ ತೆರೆದ ಮದಾಮ್ ಕಾರ್ವೆನ್ ಸ್ವತಃ ಗಿಡ್ಡ ಹೆಂಗಸು, ತನ್ನಂಥವರಿಗಾಗಿಯೇ ಹೊಲಿಸುತ್ತಿದ್ದಳು. ದೊಡ್ಡ ಉಡುಪನ್ನು ಕಿರಿದು ಮಾಡಿದರೆ ಸಾಲದು, ಜೇಬು, ಗುಂಡಿ, ಪಟ್ಟಿ ಎಲ್ಲದರ ಪ್ರಮಾಣವೂ ಇಳಿಯಬೇಕು. ಅಂಚುಪಟ್ಟಿ ಅವರಿಗೆ ಕಾಲಿಂಚು ಸಾಕು, ಎತ್ತರದವರಿಗೆ ಅರ್ಧ ಇಂಚು.

ಪಟ್ಟಿಯನ್ನು ಅಂಗಡಿಯಿಂದ ತರುವ ಬದಲು ಮಿಕ್ಕ ಟ್ವೀಡಿನ ಹಾಸಿನ ಎಳೆ ಬಿಚ್ಚಿ ಜಡೆ ಹೆಣೆಯಿರಿ. ಬಣ್ಣ ತಾನಾಗಿ ಹೊಂದುತ್ತದೆ. ಹೆಣೆದಾಗ ಉದ್ದ ಕಡಿಮೆಯಾಗುವುದರಿಂದ 4 ಮೀಟರಿಗೆ ಐದೂವರೆ ಮೀಟರಿನಷ್ಟು ಎಳೆ ಲೆಕ್ಕ ಹಾಕಿ, ನಡುವೆ ಎಳೆ ಸೇರಿಸುವ ಜಾಗ ಜೇಬಿನ ಮೂಲೆಯಲ್ಲಿ ಬಾರದಂತೆ ನೋಡಿಕೊಳ್ಳಿ. ಮುಚ್ಚಲು ಅಂಚಿಗೆ ಅಂಚು ಕೂಡುವ ಹುಕ್ಕು ಸುಲಭ. ಗುಂಡಿ ಬೇಕೆಂದರೆ ಕೈಯಲ್ಲೇ ಕಾಜಾ ಹಾಕಿ. ಕಾಜಾ ಇಲ್ಲದೆ ಬರೀ ತೋರಿಕೆಗೆ ಗುಂಡಿ ಹಚ್ಚುವುದನ್ನು ಶನೆಲ್ ಒಪ್ಪುತ್ತಿರಲಿಲ್ಲ.

ಸರಪಳಿ ಕೊನೆಗೆ. ಇಷ್ಟು ಹಗುರ ಜಾಕೆಟ್ಟು ಗಾಳಿಗೆ, ನಡಿಗೆಗೆ ಮೇಲೇಳದಂತೆ ಕೆಳಅಂಚನ್ನು ಹಿಡಿದಿಡುವ ತೂಕ ಅದು. ಕೊಂಡಿ ಚಪ್ಪಟೆಯಾಗಿರಬೇಕು, ಕಾಲಿಂಚು ಅಗಲ. ಲೈನಿಂಗಿನ ಅಂಚಿಗೆ ತಾಗಿದಂತೆ ಕೆಳಗೆ ಇಟ್ಟು ಒಂದು ಮುಂಭಾಗದಿಂದ ಇನ್ನೊಂದರವರೆಗೆ, ಪ್ರತಿ ಕೊಂಡಿಗೂ ಮೇಲೊಂದು ಕೆಳಗೊಂದು ಹೊಲಿಗೆ ಹಾಕಿ. ಎಳೆದು ಹೊಲಿದರೆ ಕೆಳಅಂಚು ಅಲೆಯಲೆಯಾಗುತ್ತದೆ. ಹಿತ್ತಾಳೆಯ ಸರಪಳಿ ಇಲ್ಲಿನ ತೇವಕ್ಕೆ ಕಿಲುಬು ಹಿಡಿದು ರೇಷ್ಮೆಗೆ ಹಸಿರು ಕಲೆ ಮಾಡುತ್ತದೆ. ಸ್ಟೀಲಿನದು ಅಥವಾ ಗಟ್ಟಿ ಚಿನ್ನದ ನೀರು ಕೊಟ್ಟದ್ದು ತನ್ನಿ.

ಮಳೆಗಾಲದಲ್ಲಿ ಇಡುವುದು

ಒದ್ದೆಯಾದ ಜಾಕೆಟ್ಟನ್ನು ಒಲೆಯ ಬಳಿ ಒಣಗಿಸಬೇಡಿ. ಉಣ್ಣೆ ಗಡುಸಾಗುತ್ತದೆ, ಹೊಗೆಯ ವಾಸನೆ ಬಿಡುವುದಿಲ್ಲ. ಟವೆಲಿನ ಮೇಲೆ ಅಡ್ಡ ಹಾಸಿ ಫ್ಯಾನು ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಲಾಸ್ಟಿಕ್ ಕವರು ಬೇಡವೇ ಬೇಡ, ಒಳಗೇ ಬೂಸು ಬೆಳೆಯುತ್ತದೆ. ಒಗೆದ ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ಗೋಡೆಗೆ ತಾಗದ ಬೀರುವಿನಲ್ಲಿ ಇಡಿ. ಬೀರುವಿನ ತಳದಲ್ಲಿ ಸಣ್ಣ ಬಲ್ಬು ಉರಿಸುವವರು ಬಟ್ಟೆಯಿಂದ ಒಂದಡಿ ದೂರ ಇರಿಸಿ, ಮನೆಯಲ್ಲಿ ಜನ ಇರುವಾಗ ಮಾತ್ರ ಉರಿಸಿ. ಉಣ್ಣೆಹುಳ ಹಿಡಿಯುವುದು ಬೆವರಿನ, ಎಣ್ಣೆಯ ಜಿಡ್ಡಿರುವ ಕಡೆ. ಎತ್ತಿಡುವ ಮೊದಲು ಕುತ್ತಿಗೆ ಮತ್ತು ಮಣಿಕಟ್ಟಿನ ಒಳಭಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ನುಸಿಗುಳಿಗೆಯನ್ನು ರೇಷ್ಮೆಗೆ ತಾಗದಂತೆ ಬಟ್ಟೆಯ ಚೀಲದಲ್ಲಿ ಕಟ್ಟಿ. ಬಿಸಿಲು ಬಿದ್ದ ದಿನ ಹೊರತೆಗೆದು, ಒಳಮೈ ಹೊರಗೆ ಮಾಡಿ, ನೆರಳಿನ ಗಾಳಿಗೆ ಒಂದು ಗಂಟೆ ಹಾಸಿ.

ಡ್ರೈಕ್ಲೀನಿಂಗು ವರ್ಷಕ್ಕೊಮ್ಮೆ ಸಾಕು. ಕೊಡುವ ಮೊದಲು ಸರಪಳಿ ಬಿಚ್ಚಿಕೊಳ್ಳಿ, ಗುಂಡಿಗೆ ಬೆಳ್ಳಿಹಾಳೆ ಸುತ್ತಿ, ಒತ್ತಿ ಇಸ್ತ್ರಿ ಬೇಡ ಎಂದು ಬರೆದು ಪಿನ್ನು ಮಾಡಿ. ಮರಳಿ ಬಂದಾಗ ಮೊದಲು ಕಂಕುಳಿನ ಲೈನಿಂಗ್ ಹೊಲಿಗೆ ನೋಡಿ, ಸವೆಯುವುದು ಅಲ್ಲಿಯೇ. ಎರಡು ಹೊಲಿಗೆ ಬಿಟ್ಟಿದ್ದರೆ ಅವತ್ತೇ ಹಾಕಿಬಿಡಿ, ಅದಕ್ಕೆಂದು ಲೈನಿಂಗಿನ ಬಣ್ಣದ ದಾರವನ್ನು ಸೂಜಿಯ ಸಮೇತ ಒಳಜೇಬಿನಲ್ಲಿ ಇಟ್ಟಿರಿ.